ಐಸಿಯುನಲ್ಲಿ ಬೆನ್ನು ತಟ್ಟುವ ಕೆಲಸ

ನಾನು ಫಿಸಿಯೊಥೆರಪಿಸ್ಟ್ ಅಂದರೆ ಸಾಕು, ನಮ್ಮ ಬಿಲ್ಡಿಂಗಿನವರು ಮೊಣಕಾಲು ಚಾಚುತ್ತಾರೆ. ನನ್ನ ಕೆಲಸ ಮೊಣಕಾಲಿನದ್ದಲ್ಲ, ಉಸಿರಿನದ್ದು. ವೆಂಟಿಲೇಟರ್ ಮೇಲಿರುವವರನ್ನು ಮಗ್ಗುಲಿಗೆ ಹೊರಳಿಸಬೇಕು, ಕಟ್ಟಿಕೊಂಡ ಕಫವನ್ನು ತಟ್ಟಿ ಸಡಿಲಿಸಬೇಕು, ಗಂಟಲಿನ ನಳಿಗೆ ತೆಗೆದ ಮೇಲೆ ಕೆಮ್ಮಿಸಬೇಕು. ಐಸಿಯು ನಗುವ ಜಾಗವಲ್ಲ, ನಿಜ. ಆದರೆ ಅಲ್ಲಿಗೆ ಬರುವವರೂ ಮನುಷ್ಯರೇ ತಾನೆ? ಏನಾದರೊಂದು ಆಗುತ್ತಲೇ ಇರುತ್ತದೆ.

ಏಟು

ಮುಂಬಯಿಯ ಭಾಂಡುಪ್‌ನಲ್ಲಿ ಕಟ್ಟಡದ ಕೆಲಸಕ್ಕಿದ್ದ ಕಲಬುರ್ಗಿ ಕಡೆಯ ಯುವಕನಿಗೆ ನ್ಯುಮೋನಿಯಾ ಆಗಿತ್ತು. ಈಗ ಆರಾಮಾಗಿದ್ದಾನೆ, ಅದಕ್ಕೇ ಹೇಳುತ್ತಿದ್ದೇನೆ. ನಾನು ಅವನ ಬೆನ್ನು ತಟ್ಟುತ್ತಿದ್ದಾಗ ತಾಯಿ ಒಳಗೆ ಬಂದರು.

"ಯವ್ವಾ! ಎಚ್ಚರಿಲ್ಲದಾವನ್ನ ಯಾಕ ಬಡೀಲಿಕತ್ತೀ?"

ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಅವರ ಬೆನ್ನಿಗೇ ತಟ್ಟಿ ತೋರಿಸಿದೆ. "ನೋವಾಗಲ್ಲ ಅಮ್ಮ, ಕಫ ಬಿಡಲಿ ಅಂತ. ಇದಕ್ಕೇ ಡಿಗ್ರಿ ಮಾಡಿದ್ದೀನಿ."

ಅವರ ಮುಖ ತಿಳಿಯಾಯಿತು. ಮಗನ ತಲೆ ಸವರುತ್ತಾ ಹೇಳಿದರು: "ಇವ ಸಣ್ಣಾವಿದ್ದಾಗ ನಾನೂ ಭಾಳ ಬಡದೀನವ್ವ. ನನಗ ಯಾರೂ ಡಿಗ್ರಿ ಕೊಡ್ಲಿಲ್ಲ ನೋಡು!"

ತಾಳ

ಬಾಂದ್ರಾದ ಹೋಟೆಲೊಂದರ ಕ್ಯಾಷಿಯರ್, ಉಡುಪಿ ಕಡೆಯವರು. ಎಚ್ಚರವಿತ್ತು, ಆದರೆ ಬಾಯಲ್ಲಿ ನಳಿಗೆ ಇದ್ದದ್ದರಿಂದ ಮಾತಿಲ್ಲ. ನಾನು ಬೆನ್ನು ತಟ್ಟಲು ಶುರು ಮಾಡಿದರೆ ಅವರು ಮಂಚದ ಕಂಬಿ ಬಡಿಯುತ್ತಿದ್ದರು, ಹುಬ್ಬು ಗಂಟಿಕ್ಕುತ್ತಿದ್ದರು. ನೋವಿರಬೇಕೆಂದು ಮೆಲ್ಲಗೆ ತಟ್ಟಿದೆ. ಇನ್ನೂ ಸಿಟ್ಟು. "ದರ್ದ್ ಹೈ ಕ್ಯಾ?" ಅಂತ ನರ್ಸ್ ಕೇಳಿದರೆ ತಲೆಯಾಡಿಸಿ ಇಲ್ಲ ಎನ್ನುತ್ತಿದ್ದರು. ಏನು ತಪ್ಪು ಮಾಡುತ್ತಿದ್ದೇನೋ ಎಂದು ನನಗೆ ಮನೆಗೆ ಹೋಗುವ ಲೋಕಲ್ ಟ್ರೇನಿನಲ್ಲೂ ಅದೇ ಚಿಂತೆ.

ನಳಿಗೆ ತೆಗೆದ ಮೇಲೆ ಮೊದಲು ಕೇಳಿದ್ದೇ ಅದನ್ನು: "ಎಲ್ಲಿ ನೋಯುತ್ತಿತ್ತು?"

ಒಡೆದ ಸ್ವರದಲ್ಲಿ ಹೇಳಿದರು: "ನೋವಲ್ಲ ಮಾರಾಯ್ರೆ. ನಾನು ಭಜನಾ ಮಂಡಳಿಯಲ್ಲಿ ತಬಲಾ ಬಾರಿಸುವವ. ಆ ಉಸಿರಿನ ಮಷೀನು ಎಷ್ಟು ಚಂದ ಲಯದಲ್ಲಿ ಹೋಗ್ತಿತ್ತು! ನೀವೇ ತಾಳ ತಪ್ಪಿಸ್ತಿದ್ದದ್ದು."

ಕೆಮ್ಮು

ಘಾಟ್ಕೋಪರ್‌ನ ಒಂದು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, ರಿಟೈರ್ ಆದ ಕನ್ನಡಿಗರು. ಆ ಬೆಳಿಗ್ಗೆಯಷ್ಟೇ ನಳಿಗೆ ತೆಗೆದಿದ್ದೆವು. ಕಫ ಎದೆಯಲ್ಲೇ ಕೂತಿತ್ತು. ಜೋರಾಗಿ ಕೆಮ್ಮದಿದ್ದರೆ ಮತ್ತೆ ನಳಿಗೆ ಹಾಕುವುದೇ ಎಂದು ಡಾಕ್ಟರ್ ಹೊಸ ನಳಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ನಾನು ಪಕ್ಕೆಗಳನ್ನು ಹಿಡಿದು, "ಉಸಿರು ಎಳೀರಿ, ಈಗ ಕೆಮ್ಮಿ" ಎಂದೆ. ಬೆಕ್ಕಿನ ಸೀನಿನಷ್ಟು ಬಂತು.

"ಆಗಲ್ಲಮ್ಮ... ಬಿಟ್ಟುಬಿಡಿ" ಎಂದು ಕಣ್ಣು ಮುಚ್ಚಿದರು. ಹೊರಗಿದ್ದ ಹೆಂಡತಿಯನ್ನು ಕರೆಸಿದೆ.

ಆಕೆ ಗಂಡನ ಕೈ ಹಿಡಿದು ಕಿವಿಯ ಬಳಿ ಬಾಗಿದರು. "ರೀ, ಮೂರನೇ ಮಾಳಿಗೆಯವರು ನಿಮ್ಮ ಜಾಗದಲ್ಲಿ ಸೆಕ್ರೆಟರಿ ಆಗ್ತಾರಂತೆ."

"ಏ... ಏನೂ?" ಎಂದು ಅವರು ಎದ್ದು ಕೂರಲು ಹೋದರು. ಸಿಟ್ಟು ಕಫದಲ್ಲಿ ಸಿಕ್ಕಿಕೊಂಡಿತು, ಕೆಮ್ಮು ಮಂಚವನ್ನೇ ಅಲ್ಲಾಡಿಸಿತು. ಎದೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು. ನಾನು ಸಕ್ಷನ್ ಪೈಪಿನಿಂದ ಹೀರಿ ತೆಗೆಯುವಷ್ಟರಲ್ಲಿ ಮಾನಿಟರಿನಲ್ಲಿ ಆಕ್ಸಿಜನ್ ಏರತೊಡಗಿತ್ತು. ಡಾಕ್ಟರ್ ನಳಿಗೆಯನ್ನು ಕೆಳಗಿಟ್ಟರು.

ಹೊರಗೆ ಆಕೆ ಕಣ್ಣೊರೆಸಿಕೊಳ್ಳುತ್ತಿದ್ದರು. "ನಿಜವಾಗ್ಲೂ ಬೇರೆಯವರು ಸೆಕ್ರೆಟರಿ ಆಗ್ತಾರಾ?" ಎಂದು ಕೇಳಿದೆ.

"ಅಯ್ಯೋ, ಆ ಕೆಲಸ ಯಾರಿಗೆ ಬೇಕಮ್ಮ! ಇವರು ಹುಷಾರಾಗಿ ಬರಲಿ ಅಂತ ಇಡೀ ಬಿಲ್ಡಿಂಗ್ ಹರಕೆ ಹೊತ್ತಿದೆ. ಇಲ್ಲದಿದ್ದರೆ ಅವರಲ್ಲೊಬ್ಬರು ಸೆಕ್ರೆಟರಿ ಆಗಬೇಕಲ್ಲ!"