ಕ್ಲಚ್ಚಿಲ್ಲದ ಕಾರಿನ ಕೆಂಪೆಣ್ಣೆ

ಗ್ಯಾರೇಜ್ ಇಟ್ಟವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ನಗು ತಾನೇ ಕೆಟ್ಟು ನಿಂತು, ನಾಲ್ಕು ಜನರಿಂದ ತಳ್ಳಿಸಿಕೊಂಡು ಬಾಗಿಲಿಗೆ ಬರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ತುಮಕೂರಿನ ನನ್ನ ಗ್ಯಾರೇಜಿಗೆ ಬಂದ ಒಂದು ಕಾರಂತೂ ಹೋದಷ್ಟೇ ಸಲ ತಿರುಗಿ ಬಂತು.

ಕಾರು ಗುಬ್ಬಿಯ ಕೊಬ್ಬರಿ ಮಂಡಿ ಸಾಹುಕಾರರದು. ಬೆಂಗಳೂರಿನ ಯಾವುದೋ ಬಂಗಲೆಯವರು ಮಾರಿದ, ಜೋಡಿ ಮಂಚದಷ್ಟು ಅಗಲದ ಹಳೇ ಅಮೆರಿಕದ ಕಾರು. ಅದಕ್ಕೆ ಕ್ಲಚ್ಚಿಲ್ಲ, ಗೇರು ತಾನೇ ಬದಲಾಗುತ್ತದೆ. ಸಾಹುಕಾರರು ಕುಣಿಗಲ್ಲಿನ ಬೀಗರ ಮುಂದೆ, "ನಮ್ ಹುಡ್ಗಿ ತಾನಾಗೇ ಗೇರ್ ಹಾಕ್ಕೊಳೋ ಕಾರಲ್ಲೇ ಬಂದು ಇಳೀತಾಳೆ" ಎಂದು ಹೇಳಿಬಿಟ್ಟಿದ್ದರು. ಬೀಗಿತ್ತಿಯೋ ಮೊಸರಿನಲ್ಲಿ ಕಲ್ಲು ಹುಡುಕುವ ಹೆಂಗಸು. ಮಾತು ತಪ್ಪಿದರೆ ಮಗಳು ಜನ್ಮವಿಡೀ ಕೇಳಿಸಿಕೊಳ್ಳಬೇಕು. ಮದುವೆ ಹತ್ತಿರ ಬಂತು ಎನ್ನುವಾಗ ಕಾರಿನ ಗೇರ್‌ಬಾಕ್ಸ್ ಸೋರತೊಡಗಿತು. ಆ ಎಣ್ಣೆ ಎಂಜಿನ್ ಎಣ್ಣೆಯಂತೆ ಕಪ್ಪಲ್ಲ, ಕೆಂಪಗಿರುತ್ತದೆ. ಈ ಕೆಂಪೇ ಮುಂದಿನ ರಾಮಾಯಣಕ್ಕೆಲ್ಲ ಕಾರಣ.

ಕೆಲಸವಿಲ್ಲದ ಕಾಲು

ಸಾಹುಕಾರರ ಡ್ರೈವರು ಮೊದಲು ಲಾರಿ ಓಡಿಸುತ್ತಿದ್ದವನು. ಅವನ ಎಡಗಾಲು ಅಭ್ಯಾಸಬಲದಿಂದ ಇಲ್ಲದ ಕ್ಲಚ್ಚನ್ನು ಹುಡುಕುತ್ತಾ ಹೋಗಿ ಬ್ರೇಕನ್ನು ತುಳಿಯುತ್ತಿತ್ತು. ಪ್ರತಿ ಸಲವೂ ಹಿಂದೆ ಕೂತ ಸಾಹುಕಾರರ ಹಣೆಗೂ ಮುಂದಿನ ಸೀಟಿಗೂ ಡಿಕ್ಕಿ.

ಮುಂದಿನ ವಾರ ನೋಡಿದರೆ, ಅವನು ಎಡಗಾಲನ್ನು ಮಡಿಚಿ ಸೀಟಿನ ಮೇಲಿಟ್ಟುಕೊಂಡು, ಪಂಕ್ತಿಯಲ್ಲಿ ಊಟಕ್ಕೆ ಕೂತವನ ಹಾಗೆ ಕಾರು ಓಡಿಸಿಕೊಂಡು ಬಂದ.

"ಇದೇನಯ್ಯಾ ಇದು?" ಎಂದೆ.

"ಕೆಲ್ಸ ಇಲ್ದಿರೋ ಕಾಲು ಕೆಳಗಿದ್ರೆ ಸುಮ್ನಿರಾಕಿಲ್ಲ ಕಣಣ್ಣ. ಮೇಲೆ ಕೂರಿಸಿವ್ನಿ" ಎಂದ.

ಸೋಪಿನ ಚಿಕಿತ್ಸೆ

ಆ ಕಾಲದಲ್ಲಿ ಪೆಟ್ರೋಲ್ ಟ್ಯಾಂಕು ತೂತಾದರೆ ಸೋಪು ಮೆತ್ತಿ ಊರು ಸೇರುವುದು ಎಲ್ಲ ಡ್ರೈವರುಗಳ ವಿದ್ಯೆ. ನಮ್ಮವನೂ ಗೇರ್‌ಬಾಕ್ಸಿನ ಕೆಳಗೆಲ್ಲ ಸಾಹುಕಾರರ ಮನೆಯ ಸ್ನಾನದ ಸೋಪನ್ನೇ ಮೆತ್ತಿದ. ಗೇರ್‌ಬಾಕ್ಸು ಬಿಸಿಯಾಗಿ ಸೋಪು ಕರಗಿತು. ಸಿ.ಎಸ್. ಪುರದ ಹತ್ತಿರ ಹಳ್ಳದ ನೀರಿಗೆ ಇಳಿದದ್ದೇ ತಡ, ಕಾರಿನ ಕೆಳಗಿಂದ ನೊರೆ ಉಕ್ಕಿ ಬಂತಂತೆ.

ಹಳ್ಳದ ಕೆಳಗಡೆ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ಕೈ ನಿಲ್ಲಿಸಿ ನೋಡಿದಳಂತೆ. "ಸ್ನಾನ ಮಾಡ್ಸೋದಾದ್ರೆ ಕೆಳಕ್ಕೆ ಬಾರ್ಲಾ ಮಗ. ಮೇಲ್ಗಡೆ ನಾವು ಕುಡ್ಯೋ ನೀರು ತುಂಬ್ಕೋತೀವಿ."

ನಿಟ್ಟೂರಿನ ಮೆರವಣಿಗೆ

ಒಂದು ದಿನ ಎಣ್ಣೆಯೆಲ್ಲ ಸೋರಿ ಕಾರು ನಿಟ್ಟೂರಿನಲ್ಲಿ ನಿಂತಿತು. ಎಂಜಿನ್ ಗುಡುಗುತ್ತಿದೆ, ಬಲ ಮುಟ್ಟಿಸುವ ಎಣ್ಣೆಯಿಲ್ಲದೆ ಚಕ್ರ ತಿರುಗದು. ನಮ್ಮ ಕಡೆ ಗಾಡಿ ನಿಂತರೆ ಜನ ಕಾರಣ ಕೇಳುವುದಿಲ್ಲ, ಪಂಚೆ ಎತ್ತಿ ಕಟ್ಟಿ ತಳ್ಳುತ್ತಾರೆ.

"ಸೆಕೆಂಡ್ ಗೇರಿಗಾಕಿ ಕ್ಲಚ್ ಬುಡ್ಲಾ!" ಎಂದು ಹಿಂದಿನಿಂದ ಕೂಗು.

"ಕ್ಲಚ್ಚೇ ಇಲ್ಲ ಕಣ್ರಪ್ಪೋ!" ಎಂದ ಡ್ರೈವರು.

"ಎಲ್ಲಿ ಬೀಳಿಸ್ಕೊಂಡ್ಲಾ?" ಎಂದು ಇಬ್ಬರು ರಸ್ತೆಯಲ್ಲಿ ಹುಡುಕಿಕೊಂಡು ಹಿಂದಕ್ಕೆ ಹೋದರು.

ಉಳಿದವರು ಬೆವರು ಸುರಿಸುತ್ತ ತಳ್ಳಿದರು. ಕಾರು ಅಬ್ಬರಿಸುತ್ತಲೇ ಇತ್ತು. ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದ ಹೆಂಗಸೊಬ್ಬಳು ಗಂಡನ ಕಡೆ ನೋಡದೆ ಹೇಳಿದಳು: "ನಮ್ಮನೆಯವ್ರಂಗೇ ಐತೆ. ಸದ್ದೆಲ್ಲ ಅದ್ರುದು, ಕೆಲ್ಸ ಎಲ್ಲ ಬೇರೆಯವ್ರುದು."

ವಾಸಿಯಾಗದ ಸೋರಿಕೆ

ಕೊನೆಗೆ ನಾನು ಗೇರ್‌ಬಾಕ್ಸಿನ ತಳದ ತಟ್ಟೆ ಬಿಚ್ಚಿದೆ. ಒಳಗಿನ ಪ್ಯಾಕಿಂಗ್ ಒಣಗಿ ಹಪ್ಪಳವಾಗಿತ್ತು. ಕಾರ್ಕ್ ಹಾಳೆಯಲ್ಲಿ ಹೊಸದನ್ನು ಕತ್ತರಿಸಿ ಕೂರಿಸಿ, ಬೋಲ್ಟುಗಳನ್ನು ಹದವಾಗಿ ಬಿಗಿದು, ಬೆಂಗಳೂರಿನಿಂದ ತರಿಸಿದ ಕೆಂಪೆಣ್ಣೆ ತುಂಬಿದೆ. ಒಂದು ಹನಿ ಬೀಳಲಿಲ್ಲ. ಕಾರು ಗುಬ್ಬಿಗೆ ಹೋಯಿತು.

ಮಾರನೆಯ ಬೆಳಿಗ್ಗೆಯೇ ಸಾಹುಕಾರರು ಬಂದರು. "ಏನ್ ಮೇಸ್ತ್ರಿ, ಕಾರಿನ ಕೆಳಗೆ ನೆಲ ಎಲ್ಲ ಕೆಂಪಗಾಗೈತಲ್ಲಯ್ಯಾ!"

ಮತ್ತೆ ಬಿಚ್ಚಿದೆ. ಎಲ್ಲ ಒಣಗಿತ್ತು. ಆದರೂ ಸೀಲುಗಳನ್ನೆಲ್ಲ ಬದಲಾಯಿಸಿ ಕಳಿಸಿದೆ. ಮಾರನೆಯ ದಿನ ಮತ್ತೆ ಅದೇ ದೂರು. ನನಗೆ ತಲೆ ಕೆಟ್ಟುಹೋಯಿತು. ಈ ಸಲ ನಾನೇ ಕಾರಿನ ಜೊತೆ ಗುಬ್ಬಿಗೆ ಹೋಗಿ, ಸಾಹುಕಾರರು ಮಂಡಿಯಿಂದ ಬರುವ ಮೊದಲೇ ಅವರ ಜಗಲಿಯ ಮೇಲೆ ಕಾವಲು ಕೂತೆ.

ದೀಪ ಹಚ್ಚುವ ಹೊತ್ತಿಗೆ ಸಾಹುಕಾರರ ಹೆಂಡತಿ ತಟ್ಟೆ ಹಿಡಿದು ಬಂದರು. ತಟ್ಟೆಯಲ್ಲಿ ಅರಿಶಿನ ಸುಣ್ಣ ಕಲಸಿದ ಕೆಂಪು ನೀರು. ಕಾರಿಗೆ ಆರತಿ ಎತ್ತಿ, ಬಗ್ಗಿ ನೀರನ್ನೆಲ್ಲ ಕಾರಿನ ಅಡಿಗೇ ಚೆಲ್ಲಿದರು.

"ಅಮ್ಮಾವ್ರೇ, ಇದೇನು?"

"ಎಷ್ಟು ರಿಪೇರಿ ಮಾಡಿದ್ರೂ ಸೋರೋದು ನಿಲ್ತಿಲ್ವಲ್ಲಪ್ಪ. ಯಾರದೋ ಕಣ್ಣು ಬಿದ್ದೈತೆ. ಅದಕ್ಕೇ ನೀನು ಕಳಿಸಿದಾಗೆಲ್ಲ ದೃಷ್ಟಿ ತೆಗೀತಿದೀನಿ."

ಬೀಗಿತ್ತಿಯ ಮರ್ಯಾದೆ

ಮದುವೆಗೆ ನನ್ನನ್ನೂ ಕಾರಿನಲ್ಲೇ ಕೂರಿಸಿಕೊಂಡರು. ಹೆಸರಿಗೆ ನೆಂಟ, ಮಡಿಲಲ್ಲಿ ಸ್ಪ್ಯಾನರ್ ಚೀಲ. ಕಾರು ಕುಣಿಗಲ್ಲಿನ ಛತ್ರದ ಮುಂದೆ ರಾಜಗಾಂಭೀರ್ಯದಿಂದ ನಿಂತಿತು. ಇಳಿದು ನೋಡುತ್ತೇನೆ, ಅಡಿಯಿಂದ ಕೆಂಪೆಣ್ಣೆ ಹರಿಯುತ್ತಿದೆ! ಸಾಹುಕಾರರು ನನ್ನ ಕಿವಿಯಲ್ಲಿ ಉಸುರಿದರು: "ದೂರದ ದಾರಿ ಅಂತ ಬೆಳಿಗ್ಗೆ ಇನ್ನೊಂದು ಡಬ್ಬ ಹೊಯ್ದೆ ಕಣಯ್ಯಾ." ಪ್ರಯಾಣ ಹೊರಟವರಿಗೆ ಒಂದು ಮುದ್ದೆ ಜಾಸ್ತಿ ಇಕ್ಕುವ ಹಾಗೆ! ಹೆಚ್ಚಾದದ್ದು ಬಿಸಿಗೆ ಉಕ್ಕಿ ಹೊರಗೆ ಬಂದಿತ್ತು.

ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಬೀಗಿತ್ತಿಯ ಕಣ್ಣು ನೆಲಕ್ಕೆ ಹೋಯಿತು. "ಇದೇನ್ರೀ, ನಾನಿನ್ನೂ ಆರತಿ ಎತ್ತೇ ಇಲ್ಲ, ಆಗ್ಲೇ ಕೆಂಪು ನೀರು?"

ಸಾಹುಕಾರರ ಮುಖ ಸುಣ್ಣವಾಯಿತು. ಅವರ ಹೆಂಡತಿ ಮಾತ್ರ ರೆಪ್ಪೆ ಮಿಟುಕಿಸದೆ ಹೇಳಿದರು: "ನಮ್ಮಲ್ಲಿ ಬೀಗರ ಮರ್ಯಾದೆಗೆ ಅಂತ ಮೊದ್ಲು ಕಾರಿಗೆ ಎತ್ತಿ ಚೆಲ್ತೀವಿ ಕಣ್ರಮ್ಮ. ಆಮೇಲೆ ಹುಡ್ಗಿಗೆ."

ಬೀಗಿತ್ತಿಯ ಮುಖ ಅರಳಿತು. ಮದುವೆ ಚೆನ್ನಾಗಿಯೇ ನಡೆಯಿತು. ನಾನು ಜನ ಊಟಕ್ಕೆ ಕೂತಾಗ ಹೆಚ್ಚಿನ ಎಣ್ಣೆ ಇಳಿಸಿ, ಕಾರನ್ನು ಒಂದು ಹನಿಯೂ ಬೀಳದ ಹಾಗೆ ಮಾಡಿದೆ. ಆ ಅಮ್ಮನ ಜಾಣತನಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ಮೂರು ತಿಂಗಳಾದ ಮೇಲೆ ಸಾಹುಕಾರರು ಕಾರು ತಂದು ನಿಲ್ಲಿಸಿದರು. ಮುಖ ಬಾಡಿತ್ತು.

"ಮತ್ತೆ ಸೋರ್ತಾ ಇದೆಯಾ ಸಾಹುಕಾರ್ರೇ?"

"ಸೋರ್ತಿಲ್ವಲ್ಲಯ್ಯಾ, ಅದೇ ತಾಪತ್ರಯ! ಹೋದ ವಾರ ಮಗಳನ್ನ ಬಿಟ್ಬರೋಕೆ ಹೋದ್ರೆ, ಬೀಗಿತ್ತಿ ಬಗ್ಗಿ ಕಾರಿನ ಕೆಳಗೆ ನೋಡಿ, ಇಷ್ಟು ಬೇಗ ನಮ್ ಮರ್ಯಾದೆ ಒಣಗೋಯ್ತಾ ಅಂತ ಮುನಿಸ್ಕೊಂಡವ್ರೆ. ನಾಳೆ ಮತ್ತೆ ಕುಣಿಗಲ್ಗೆ ಹೋಗ್ಬೇಕು." ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಮೇಸ್ತ್ರಿ, ನಿನ್ ದಮ್ಮಯ್ಯ, ಒಂದೆರಡು ಬೋಲ್ಟು ಸಡಿಲ ಮಾಡ್ಕೊಡು."