ಕಲ್ಲೇಶಪ್ಪನವರ ಮಂಡಿಗೆ ಬಂದ ಬುದ್ಧಿವಂತ ಪರದೆ

ಅರಸೀಕೆರೆಯ ಕೊಬ್ಬರಿ ಮಂಡಿಗಳ ಬೀದಿಯಲ್ಲಿ ಈ ಪ್ರಸಂಗವನ್ನು ಬಲ್ಲವರೆಲ್ಲ ಅದನ್ನು ಒಂದೇ ಕಡೆಯಿಂದ ಆರಂಭಿಸುತ್ತಾರೆ: ಮಂಡಿ ಯಜಮಾನರಾದ ಕಲ್ಲೇಶಪ್ಪನವರು ಅರೇಹಳ್ಳಿಯ ಮದುವೆಗೆ ಹೋಗದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಅವರು ಹೋದರು. ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ನೆಂಟರೊಬ್ಬರ ಕಾಫಿ ಸಂಸ್ಕರಣಾ ಘಟಕವನ್ನು ನೋಡಲು ಹೊರಟರು. ಅಲ್ಲಿನ ಗೋಡೆಯ ಮೇಲೆ ಬಾಗಿಲಗಲದ ಪರದೆಯೊಂದಿತ್ತು. ಅದರ ತುಂಬ ಬಣ್ಣದ ವೃತ್ತಗಳು, ಏರಿಳಿಯುವ ಗೋಪುರಗಳು.

"ಇದು ಬಿಸಿನೆಸ್ ಇಂಟೆಲಿಜೆನ್ಸ್ ಸಾಫ್ಟ್‌ವೇರ್ ಮಾವ," ಎಂದ ನೆಂಟರ ಮಗ. "ದೊಡ್ಡ ಕಂಪನಿಯೋರೆಲ್ಲ ಇಟ್ಕೊಂಡಿರೋದು. ನಮ್ಮ ಲೆಕ್ಕ ಎಲ್ಲಾ ನುಂಗಿ, ಎಲ್ಲಿ ಲಾಭ, ಎಲ್ಲಿ ಲುಕ್ಸಾನು ಅಂತ ಚಿತ್ರ ಬರ್ದು ತೋರ್ಸುತ್ತೆ."

ಕಲ್ಲೇಶಪ್ಪನವರು ಮದುಮಗಳನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಆ ಪರದೆಯನ್ನು ನೋಡಿದರು. ಅದೇ ವಾರದಲ್ಲಿ ಮಹಾಂತೇಶ್ ಎಂಬ ಮಾರಾಟಗಾರ ಅವರ ಮಂಡಿಗೆ ಬಂದ. ಗೋಡೆಗೆ ಪರದೆ ಬಂದಿತು. ಒಂದು ತಿಂಗಳು ಪರೀಕ್ಷೆಗೆಂದು ತಂತ್ರಾಂಶವೂ ಬಂದಿತು.

ಈ ಸಂಭ್ರಮದಲ್ಲಿ ಪಾಡು ಕೆಟ್ಟದ್ದು ರಾಜಶೇಖರನದು. ಅವನು ಮಂಡಿಯ ಗುಮಾಸ್ತ. ಹೊರಜಗಲಿಯ ಮೆತ್ತೆಯ ಮೇಲೆ ಕುಳಿತು, ಉಂಡೆ ಕೊಬ್ಬರಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಉಗುರಿನಿಂದ ಒಮ್ಮೆ ಚಿಟುಕಿ, ಒಣಗಿದೆಯೋ ಇಲ್ಲವೋ ಎಂದು ಹೇಳುವುದು ಅವನ ಕೆಲಸ. ಬೀದಿಯ ಸುದ್ದಿ, ರೈತರ ಕಷ್ಟಸುಖ, ಮೂರು ಹೊತ್ತಿನ ಕಾಫಿ, ಎಲ್ಲವೂ ಆ ಮೆತ್ತೆಗೇ ಬರುತ್ತಿದ್ದವು. ಈಗ ಅವನನ್ನು ಎಬ್ಬಿಸಿ, ಹಿಂದಿನ ಕತ್ತಲ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಲಾಗಿತ್ತು. ಮಗಳನ್ನು ಕೊಟ್ಟ ಮನೆಯನ್ನು ದೂರದಿಂದ ನೋಡುವ ತಂದೆಯಂತೆ ಅವನು ಬಾಗಿಲ ಸಂದಿಯಿಂದ ತನ್ನ ಮೆತ್ತೆಯನ್ನು ನೋಡುತ್ತಿದ್ದ.

ಪರೀಕ್ಷೆಯ ತಿಂಗಳು ಮುಗಿಯುವ ದಿನ ಬೆಳಿಗ್ಗೆ ಅವನು ಧೈರ್ಯ ಮಾಡಿದ.

"ಯಜಮಾನ್ರೇ, ಇದನ್ನ ಕೊಳ್ಳೋ ಬೆಲೆ ಬೇರೆ, ಸಾಕೋ ಖರ್ಚು ಬೇರೆ. ಎಮ್ಮೆ ಹೊಡ್ಕೊಂಡು ಬಂದೋರು ಮೇವು ಎಲ್ಲೈತೆ ಅಂತ ಕೇಳ್ಬೇಕೋ ಬ್ಯಾಡ್ವೋ?"

ಕಲ್ಲೇಶಪ್ಪನವರಿಗೆ ಮೇವಿನ ಮಾತು ನಾಟಿತು. "ಸರಿ ಕಣಯ್ಯ. ಸಾಯಂಕಾಲ ಮಹಾಂತೇಶ ರುಜು ಹಾಕಿಸ್ಕೊಳ್ಳೋಕೆ ಬತ್ತಾನೆ. ಅಷ್ಟ್ರೊಳಗೆ ನಿಜವಾದ ಖರ್ಚು ಎಷ್ಟು ಅಂತ ತೋರ್ಸು. ನಾವು ರೈತರಿಗೆ ಕೊಡೋ ಕಾಫಿ ಖರ್ಚು ಮೀರಿದ್ರೆ ಅದನ್ನ ಕಳಿಸಿಬಿಡ್ತೀನಿ. ನೀನು ಹೊರಗೆ ಬಂದು ನಿನ್ನ ಮೆತ್ತೆ ಮೇಲೆ ಕೂತ್ಕೊ."

ರಾಜಶೇಖರ್ ಆಗಲೇ ಅರ್ಧ ಗೆದ್ದವನಂತೆ ಫೋನು ತೆಗೆದ. ಹಳೆಯ ಲೆಕ್ಕದ ಕಂಪ್ಯೂಟರನ್ನು ಹೊಸದಕ್ಕೆ ಜೋಡಿಸಲು ಎಷ್ಟು? ಅದಕ್ಕೆ ಬೇರೆ ಹಣ ಎಂದ ಮಹಾಂತೇಶ್. ಜನರಿಗೆ ಕಲಿಸಲು? ಅದಕ್ಕೂ ಬೇರೆ. ರಾಜಶೇಖರ್ ಕುಣಿಯುತ್ತ ಬಂದು ಒಪ್ಪಿಸಿದ.

"ಜೋಡ್ಸೋದೇನು ಮಹಾ? ನೀನೇ ಜೋಡ್ಸು," ಎಂದರು ಕಲ್ಲೇಶಪ್ಪನವರು. "ಕಲ್ಸೋದೂ ನೀನೇ ಕಲ್ಸು. ನಿಂಗೆ ಹೆಂಗೂ ಗೊತ್ತಲ್ಲ. ಅಲ್ಲಿಗೆ ಎರಡೂ ಪುಕ್ಕಟೆ."

ಹೀಗೆ ಅವನು ಪತ್ತೆ ಹಚ್ಚಿದ ಖರ್ಚುಗಳೆಲ್ಲ ತಿರುಗಿ ಅವನ ತಲೆಯ ಮೇಲೆಯೇ ಬಂದು ಕೂರತೊಡಗಿದವು. ಕೊಬ್ಬರಿ ಆರಿಸುವ ಸಣ್ಣತಾಯಮ್ಮ ಇದನ್ನೆಲ್ಲ ಕೇಳುತ್ತ ಕುಳಿತಿದ್ದಳು. "ಗುಮಾಸ್ತರೇ, ಇನ್ನೊಂದೆಲ್ಡು ಖರ್ಚು ಕಂಡುಹಿಡೀರಿ. ನೆಲ ಗುಡ್ಸೋ ಕೆಲ್ಸಾನೂ ನಿಮಗೇ ಬತ್ತದೆ," ಎಂದಳು.

ರಾಜಶೇಖರ್ ಹಳೆಯ ಲೆಕ್ಕವನ್ನು ಪರದೆಗೆ ಜೋಡಿಸಿ ಮುಗಿಸಿದ್ದನಷ್ಟೇ, ಹನ್ನೊಂದರ ಹೊತ್ತಿಗೆ ಗೆಂಡೆಹಳ್ಳಿಯ ಮರುಳಪ್ಪ ಎರಡು ಚೀಲ ಕೊಬ್ಬರಿಯೊಂದಿಗೆ ಬಂದ. ಒಳಗೆ ಕಾಲಿಟ್ಟವನು ಪರದೆಯನ್ನು ನೋಡಿ ಅಲ್ಲಿಯೇ ನಿಂತ. ಅದರಲ್ಲಿ ಎಲ್ಲ ಗೋಪುರಗಳನ್ನೂ ಕುಬ್ಜವಾಗಿಸಿ ಒಂದು ಹಸಿರು ಗೋಪುರ ಸೂರಿಗೆ ತಾಗುವಂತೆ ನಿಂತಿತ್ತು. ಅದರ ಬುಡದಲ್ಲಿ 'ಮರುಳಪ್ಪ' ಎಂದು ಬರೆದಿತ್ತು.

"ಏನ್ಲಾ ಮರುಳ, ಅರಸೀಕೆರೆ ಕೊಬ್ಬರಿ ಅರ್ಧ ನಿಂದೇ ಅಂತಲ್ಲೋ!" ಎಂದು ಎದುರು ಮಂಡಿಯ ಶಿವಯ್ಯನವರು ಬೀದಿಯ ಆಚೆಯಿಂದಲೇ ಕೂಗಿದರು. ಶಿವಯ್ಯನವರಿಗೆ ಕಲ್ಲೇಶಪ್ಪನವರ ಮಂಡಿಯಲ್ಲಿ ನೊಣ ಹಾರಿದರೂ ತಿಳಿಯಬೇಕು. ತಮ್ಮಲ್ಲಿಲ್ಲದ್ದು ಅಲ್ಲಿದ್ದರೆ ಊಟ ಸೇರದು. ಅವರ ಕೂಗು ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಮಠದ ದಾಸೋಹಕ್ಕೆ ಅಕ್ಕಿ ಬೇಡುವ ಇಬ್ಬರು ಮರುಳಪ್ಪನ ಎರಡು ಪಕ್ಕಗಳಲ್ಲಿ ನಿಂತಿದ್ದರು.

"ನಂದು ಅರ್ಧ ಎಕರೆ ತ್ವಾಟ ಕಣ್ರಪ್ಪಾ!" ಎಂದು ಮರುಳಪ್ಪ ಕಣ್ಣಲ್ಲಿ ನೀರು ತಂದುಕೊಂಡ. "ಈ ವಿಷ್ಯ ನನ್ ಹೆಂಡ್ತಿಗೆ ಗೊತ್ತಾದ್ರೆ, ಉಳಿದ ದುಡ್ಡು ಎಲ್ಲಿ ಮಡ್ಗಿದ್ದೀಯ ಅಂತಾಳಲ್ರೋ!"

ಸುತ್ತಲ ಹಳ್ಳಿಗಳಲ್ಲಿರುವ ಮರುಳಪ್ಪಂದಿರನ್ನೆಲ್ಲ ಆ ಯಂತ್ರವು ಕಲಸಿ ಒಬ್ಬನನ್ನಾಗಿ ಮಾಡಿತ್ತು. ಲೆಕ್ಕದಲ್ಲಿ ಬರಿಯ ಹೆಸರಿತ್ತೇ ಹೊರತು, ಊರು ಮನೆತನಗಳಿರಲಿಲ್ಲ. ಫೋನಿನಲ್ಲಿ ಮಹಾಂತೇಶ್ ಶಾಂತವಾಗಿ ಹೇಳಿದ: "ಡೇಟಾ ಕ್ಲೀನ್ ಮಾಡ್ಬೇಕು ಸಾರ್. ಅದೇ ಇದ್ರಲ್ಲಿ ದೊಡ್ಡ ಖರ್ಚು. ಸಾಫ್ಟ್‌ವೇರ್‌ಗಿಂತ ಜಾಸ್ತಿ ಬರುತ್ತೆ."

ರಾಜಶೇಖರನಿಗೆ ಹಬ್ಬವಾಯಿತು. "ಕೇಳಿಸ್ಕೊಂಡ್ರಾ ಯಜಮಾನ್ರೇ? ಸಾಫ್ಟ್‌ವೇರ್‌ಗಿಂತ ಜಾಸ್ತಿ!"

"ಯಾವ ಮರುಳಪ್ಪ ಯಾರು ಅಂತ ನಿಂಗೆ ಗೊತ್ತಿಲ್ವೇನೋ?"

"ಗೊತ್ತು."

"ಮತ್ತೆ? ಹೋಗಿ ಬೇರೆ ಮಾಡು. ಪುಕ್ಕಟೆ."

ಊಟವನ್ನೂ ಮರೆತು ಅವನು ಮರುಳಪ್ಪಂದಿರನ್ನು ಬೇರೆ ಮಾಡಿದ. ಅವನು ಅವರನ್ನು ಗುರುತಿಸುತ್ತಿದ್ದದ್ದು ಮಂಡಿಯೊಳಗಿನ ಗುಟ್ಟಿನ ಅಡ್ಡಹೆಸರುಗಳಿಂದ. ಆತುರದಲ್ಲಿ ಅವುಗಳನ್ನೇ ಹಾಕಿದ. ಮೂರು ಗಂಟೆಗೆ, ಹಜಾರವು ರೈತರಿಂದ ತುಂಬಿದ್ದಾಗ, ಪರದೆ ಒಮ್ಮೆ ಮಿಟುಕಿ ಹೊಸ ಗೋಪುರಗಳನ್ನು ಎಬ್ಬಿಸಿತು. ಸಣ್ಣತಾಯಮ್ಮ ಮೊಮ್ಮಗಳಿಂದ ಕಲಿತ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು: "ಕಣ್ಣೀರು ಮರುಳಪ್ಪ... ಬುಲೆಟ್ ಮರುಳಪ್ಪ... ನಾಳೆ ಕೊಡ್ತೀನಿ ಮರುಳಪ್ಪ... ಒದ್ದೆ ಮರುಳಪ್ಪ..."

ಹಳೇಬೀಡಿನ ಮರುಳಪ್ಪ ಎದ್ದು ನಿಂತ. "ಯಾವನಯ್ಯಾ ನನ್ ಕೊಬ್ಬರೀನ ಒದ್ದೆ ಅಂದೋನು?"

"ಒದ್ದೆ ಅಂದ್ರೆ ನೀನೇ ಅಂತ ನಿಂಗೆ ಹೆಂಗಣ್ಣ ಗೊತ್ತಾಯ್ತು?" ಎಂದಳು ಸಣ್ಣತಾಯಮ್ಮ.

ಆಮೇಲೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಗೆಂಡೆಹಳ್ಳಿಯ ಕಣ್ಣೀರು ಮರುಳಪ್ಪನಂತೂ ತನ್ನ ಹೆಸರನ್ನು ಸಾಬೀತುಪಡಿಸುತ್ತ ಮೂಲೆಯಲ್ಲಿ ಕುಳಿತುಬಿಟ್ಟ. ಕಲ್ಲೇಶಪ್ಪನವರು ಎರಡೂ ಕೈಯೆತ್ತಿ, "ಶಾಂತಿ, ಶಾಂತಿ! ಎಲ್ಲರ ಹತ್ರಾನೂ ರಾಜಶೇಖರ ತಪ್ಪಾಯ್ತು ಅಂತ ಕೇಳ್ತಾನೆ," ಎಂದರು. ಅದೂ ಪುಕ್ಕಟೆಯೇ ಆಯಿತು.

ಪ್ರತಿಯೊಬ್ಬರ ಮುಂದೆಯೂ ಕೈಮುಗಿದು ಮುಗಿಸುವಷ್ಟರಲ್ಲಿ ರಾಜಶೇಖರನಿಗೆ ಜ್ಞಾನೋದಯವಾಯಿತು. ಅವನು ನೇರವಾಗಿ ಯಜಮಾನರ ಎದುರು ನಿಂತ.

"ನಿಜವಾದ ಖರ್ಚು ಸಿಕ್ತು ಯಜಮಾನ್ರೇ. ಜೋಡ್ಸೋನು, ಕಲ್ಸೋನು, ಲೆಕ್ಕ ತೊಳ್ಯೋನು, ತಪ್ಪಾಯ್ತು ಅನ್ನೋನು, ಎಲ್ಲಾ ನಾನೇ ಅಲ್ವೇ? ಅಂದ್ರೆ ಈ ಯಂತ್ರದ ಮುಂದೆ ಒಬ್ಬ ಮನುಷ್ಯ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಕೂತಿರ್ಬೇಕು. ಹಂಗೆ ನಾನು ಒಳಗೆ ಕೂತಿರೋವಾಗ ಹೊರಗೆ ಕೊಬ್ಬರಿ ಅಲ್ಲಾಡ್ಸಿ ನೋಡ್ದೋರು ಯಾರು?"

ಕಲ್ಲೇಶಪ್ಪನವರ ಮುಖ ಬಿಳಿಚಿತು. ಅವರು ಗೋದಾಮಿಗೆ ಓಡಿದರು. ಮೇಲಿನ ಚೀಲಕ್ಕೆ ಕೈಹಾಕಿ ಒಂದು ಉಂಡೆಯನ್ನು ಕಿವಿಯ ಬಳಿ ಅಲ್ಲಾಡಿಸಿದರು. ಇನ್ನೊಂದನ್ನು ಅಲ್ಲಾಡಿಸಿದರು. ಆ ತಿಂಗಳು ಬಂದ ಸರಕಿನಲ್ಲಿ ಅರ್ಧ ಸರಿಯಾಗಿ ಒಣಗಿರಲೇ ಇಲ್ಲ. ಹಿಂದಿರುಗಿ ಬಂದವರು ಪರದೆಯನ್ನು ಮನೆಗೆ ನುಗ್ಗಿದ ಕೋತಿಯನ್ನು ನೋಡುವಂತೆ ನೋಡಿದರು.

"ತೆಗಿ ಇದನ್ನ. ಆದ್ರೆ ಪರದೆ, ತಂತಿ ಎಲ್ಲಾ ಕೊಂಡಾಗೈತಲ್ಲೋ?"

ಉತ್ತರವು ಬೀದಿಯ ಆಚೆ ಕತ್ತು ಉದ್ದ ಮಾಡಿಕೊಂಡು ನಿಂತಿತ್ತು. ರಾಜಶೇಖರ್ ಶಿವಯ್ಯನವರನ್ನು ಕರೆತಂದು ಕೂರಿಸಿ, ಆ ದಿನವೆಲ್ಲ ಬೈದದ್ದನ್ನು ಬಾಯಿತುಂಬ ಹೊಗಳಿದ. ಬೇಲೂರಿನ ಶಿಲಾಬಾಲಿಕೆಯರನ್ನು ತೋರಿಸುವ ಮಾರ್ಗದರ್ಶಿಯಂತೆ ಒಂದೊಂದು ಗೋಪುರದ ಚೆಲುವನ್ನೂ ಬಣ್ಣಿಸಿದ. ಆಗಲೇ ಬಂದಿಳಿದಿದ್ದ ಮಹಾಂತೇಶ್, ಕರಾರು ಯಾರ ಹೆಸರಿಗಾದರೂ ತನಗೆ ಅಡ್ಡಿಯಿಲ್ಲವೆಂದ.

ಶಿವಯ್ಯನವರು ಗಡ್ಡ ಕೆರೆದುಕೊಂಡು ಹೆಗಲ ಮೇಲಿನ ಟವೆಲ್ಲನ್ನು ಬಿಚ್ಚಿದರು. ಆ ಬೀದಿಯ ಹಳಬರು ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಮುಗಿಸುತ್ತಾರೆ. ಇಬ್ಬರು ಯಜಮಾನರ ಕೈಗಳೂ ಮರೆಯಾದವು. ಶಿವಯ್ಯನವರ ಹುಬ್ಬು ಏರಿತು; ಕಲ್ಲೇಶಪ್ಪನವರು ತಲೆಯಾಡಿಸಿದರು. ಶಿವಯ್ಯನವರು ಬಗ್ಗಿ ಅವರ ಕಿವಿಯಲ್ಲಿ ಏನನ್ನೋ ಉಸುರಿದರು. ಕಲ್ಲೇಶಪ್ಪನವರು ಒಂದು ಗಳಿಗೆ ಸೂರನ್ನು ನೋಡಿ, ನಿಟ್ಟುಸಿರು ಬಿಟ್ಟು, "ಆಗ್ಲಿ" ಎಂದರು. ಟವೆಲ್ಲು ಹೆಗಲಿಗೇರಿತು.

ರಾಜಶೇಖರ್ ಕಾಯಲಿಲ್ಲ. ಜಗಲಿಗೆ ಹೋಗಿ, ಮೆತ್ತೆಯ ಧೂಳು ಕೊಡವಿ, ಕಾಲು ಮಡಚಿ ಕುಳಿತು, "ಸಣ್ಣತಾಯಮ್ಮ, ಒಂದು ಕಾಫಿ ಹೇಳು," ಎಂದ.

"ಇನ್ಮೇಲೆ ಕೊಬ್ಬರಿ ನಾನೇ ಅಲ್ಲಾಡ್ಸಿ ನೋಡ್ಕೋತೀನಿ. ಏಳು, ಕಾಫಿ ಅಲ್ಲೇ ಕುಡೀವಂತೆ," ಎಂದರು ಕಲ್ಲೇಶಪ್ಪನವರು. ಅವರ ದನಿ ಮದುವೆ ಮಂಟಪದಲ್ಲಿ ಹೆಣ್ಣು ಒಪ್ಪಿಸುವವರ ದನಿಯಂತಿತ್ತು.

"ಎಲ್ಲಿ?"

"ನಮ್ಮಲ್ಲಿ," ಎಂದರು ಶಿವಯ್ಯನವರು. "ಬರೀ ಯಂತ್ರ ತಗೊಂಡೋಗಿ ಪೂಜೆ ಮಾಡ್ಲೇನಪ್ಪ? ಅದ್ರ ಮುಂದೆ ಒಬ್ಬ ಮನುಷ್ಯ ಕೂತಿರ್ಲೇಬೇಕು ಅಂತ ನೀನೇ ಕೂಗಾಡ್ದೆಯಲ್ಲ. ನಮ್ಮ ಜಗಲಿವರೆಗೂ ಕೇಳಿಸ್ತು. ಹಿಂದ್ಗಡೆ ಕೋಣೆ ಖಾಲಿ ಮಾಡಿಸ್ತೀನಿ. ವರ್ಷಕ್ಕೊಂದು ಸಲ ಕರಾರು ಮುಂದುವರಿಸಿದಂಗೆಲ್ಲ ನೀನೂ ಮುಂದುವರೀತೀಯ."

ರಾಜಶೇಖರ್ ಮೆತ್ತೆಯಿಂದ ಎದ್ದ. ಆದರೂ ತನ್ನನ್ನು ಇಬ್ಬರು ಯಜಮಾನರು ಟವೆಲ್ಲಿನ ಮರೆಯಲ್ಲಿ ಎಳೆದಾಡಿದರೆಂಬ ಒಂದು ಸಣ್ಣ ಹೆಮ್ಮೆ ಎಲ್ಲೋ ಚಿಗುರಿತು.

"ಹೋಗ್ಲಿ ಬಿಡಿ ಯಜಮಾನ್ರೇ," ಎಂದ ಮೆಲ್ಲಗೆ. "ಟವೆಲ್ಲಿನೊಳಗೆ ನನಗೆ ಎಷ್ಟು ಬೆಲೆ ಕಟ್ಟಿದ್ರಿ, ಅದೊಂದು ಹೇಳ್ಬಿಡಿ."

ಕಲ್ಲೇಶಪ್ಪನವರು ಪ್ರೀತಿಯಿಂದ ಅವನ ಬೆನ್ನು ಸವರಿದರು.

"ಬೆಲೆ ಎಲ್ಲಾ ಯಂತ್ರಕ್ಕೆ ಕಣೋ. ನೀನು ಮೇಲೆ ಹಾಕಿದ ಕೊಸರು."