ನರ್ಸಮ್ಮನ ಕುಂಬಳಕಾಯಿ

ಊರು ಬಿಟ್ಟು ಬಂದವರ ಅಡುಗೆಮನೆಯಲ್ಲಿ ವಾರಕ್ಕೊಂದಾದರೂ ಎಡವಟ್ಟು ಆಗದೆ ಇರುವುದಿಲ್ಲ. ಈ ಪ್ರಸಂಗಗಳು ಎಪ್ಪತ್ತರ ದಶಕದಲ್ಲಿ ನಾವು ಅಮೆರಿಕದ ವುಡ್‌ಬ್ರಿಡ್ಜ್‌ನಲ್ಲಿದ್ದಾಗಿನವು. ನಮ್ಮವರು ಆಸ್ಪತ್ರೆಯಲ್ಲಿ ರೆಸಿಡೆಂಟ್ ಡಾಕ್ಟರ್. ಕೆಳಗಿನ ಅಪಾರ್ಟ್‌ಮೆಂಟಿನಲ್ಲಿ ಅದೇ ಆಸ್ಪತ್ರೆಯ ನರ್ಸ್, ಫಿಲಿಪೀನ್ಸ್‌ನವಳು.

ಬರೀ ತರಕಾರಿ

ಒಂದು ಸಂಜೆ ಕೆಳಗಿನಿಂದ ತೆಂಗಿನ ಹಾಲು ಕುದಿಯುವ ಘಮ ಬಂತು. ಮೈಸೂರು ಬಿಟ್ಟಮೇಲೆ ಅದು ನನ್ನ ಮೂಗಿಗೆ ಬಡಿದೇ ಇರಲಿಲ್ಲ. ನಾಚಿಕೆ ಬಿಟ್ಟು ಹೋಗಿ ಬಾಗಿಲು ತಟ್ಟಿದೆ. ಕುಂಬಳಕಾಯಿ, ಬೀನ್ಸ್, ತೆಂಗಿನ ಹಾಲು, ಇಷ್ಟೇ. ಕುಂಬಳಕಾಯಿ ಕೊರೆದು ದೀಪ ಇಡುವ ಹ್ಯಾಲೋವೀನ್ ಹಬ್ಬ ಮುಗಿದ ಮೇಲೆ ಕುಂಬಳಕಾಯಿ ಕೇಳುವವರೇ ಇಲ್ಲ, ಅಗ್ಗಕ್ಕೆ ಕೊಡುತ್ತಾರೆ ಅಂದಳು. ನಾವು ಮೀನು, ಮಾಂಸ ತಿನ್ನುವುದಿಲ್ಲ ಅಂದೆ. ಇದು ಬರೀ ತರಕಾರಿ ಅಂತ ಭರವಸೆ ಕೊಟ್ಟು ಬಡಿಸಿದಳು. ಚಮಚ ಬಾಯಿ ಹತ್ತಿರ ತಂದಾಗ ಅದರೊಳಗಿಂದ ಒಂದು ಕಪ್ಪು ಕಣ್ಣು ನನ್ನನ್ನೇ ನೋಡುತ್ತಿತ್ತು. ಅವರ ಕಡೆ ಉಪ್ಪಿನ ಬದಲು ಉಪ್ಪಲ್ಲಿ ನೆನೆಸಿದ ಸೀಗಡಿ ಹಾಕುತ್ತಾರಂತೆ. ನನ್ನ ಮುಖ ನೋಡಿ ಅವಳಿಗೇ ಅಯ್ಯೋ ಅನ್ನಿಸಿತು. ಬೆನ್ನು ಸವರಿ ಸಮಾಧಾನ ಹೇಳಿದಳು.

"ಹೆದರಬೇಡ, ತುಂಬಾ ಚಿಕ್ಕವು."

ಕೇಕಿನ ತುರಿ

ಸೀಗಡಿ ಬಿಟ್ಟು ಮಾಡುವ ಕ್ರಮ ಕೇಳಿಕೊಂಡು ಬಂದು ನಾನೇ ಒಲೆ ಹಚ್ಚಿದೆ. ಅಂಗಡಿಯಲ್ಲಿ ತೆಂಗಿನ ತುರಿಯ ಪ್ಯಾಕೆಟ್ ಸಿಕ್ಕಿತ್ತು. ಅದು ಕೇಕಿಗೆ ಹಾಕುವ, ಸಕ್ಕರೆ ಬೆರೆಸಿದ ತುರಿ ಅಂತ ನನಗೇನು ಗೊತ್ತು? ಡ್ಯೂಟಿ ಮುಗಿಸಿ ಬಂದ ನಮ್ಮವರು ಅನ್ನಕ್ಕೆ ಕಲಸಿಕೊಂಡು ತಿಂದರು. ನನ್ನ ಮನಸ್ಸು ನೋಯಿಸಬಾರದು ಅಂತ ಪಾಪ, ತಟ್ಟೆ ಖಾಲಿಯಾಗುವವರೆಗೂ ಕಾದು ಕೇಳಿದರು.

"ಪಾಯಸ ಚೆನ್ನಾಗಿದೆ. ಹಸಿಮೆಣಸಿನಕಾಯಿ ಯಾಕೆ ಹಾಕಿದೆ?"

ಯಾವ ಊರಿನವಳು

ಮುಂದಿನ ವರ್ಷ ಚಳಿ ಶುರುವಾಗುವ ಹೊತ್ತಿಗೆ ನಮ್ಮತ್ತೆ ಬಂದರು. ಇಲ್ಲಿನ ಬೇಳೆ ಬೇಳೆಯಲ್ಲ, ತರಕಾರಿ ತರಕಾರಿಯಲ್ಲ ಅಂತ ಮೊಸರನ್ನ ಬಿಟ್ಟು ಏನೂ ಮುಟ್ಟಲಿಲ್ಲ. ದಿನದಿನಕ್ಕೆ ಸೊರಗಿದರು. ನಾನು ಏನು ಮಾಡಿಟ್ಟರೂ ಪಕ್ಕಕ್ಕೆ ಸರಿಸುತ್ತಿದ್ದರು. ಸಂಕಟ ತಡೆಯಲಾರದೆ ನರ್ಸಿನ ಹತ್ತಿರ ಅತ್ತುಬಿಟ್ಟೆ.

ರಜೆಯ ದಿನ ಅವಳೇ ಕುಂಬಳಕಾಯಿ ಹಿಡಿದು ನಮ್ಮ ಅಡುಗೆಮನೆಗೆ ಬಂದಳು. ಸೀಗಡಿಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಸುತ್ತಿಗೆಯಲ್ಲಿ ತೆಂಗಿನಕಾಯಿ ಒಡೆದು, ಹಾಲು ಹಿಂಡಿ, ಶುಂಠಿ ಜಜ್ಜಿ ಹಾಕಿದಳು. ಅತ್ತೆ ಬಾಗಿಲಲ್ಲಿ ನಿಂತು ಒಂದನ್ನೂ ಬಿಡದೆ ನೋಡಿದರು. ಆಮೇಲೆ ಕೂತು ಉಂಡರು. ಇನ್ನಷ್ಟು ಬಡಿಸಿಕೊಂಡರು. ಅವಳು ತನ್ನ ಇಂಗ್ಲಿಷಿನಲ್ಲಿ ಏನೋ ಹೇಳುವಳು, ಅತ್ತೆ ಕನ್ನಡದಲ್ಲಿ ಉತ್ತರ ಕೊಡುವರು, ಇಬ್ಬರೂ ನಗುವರು. ನನಗೆ ಹೋದ ಜೀವ ಬಂದಂತಾಯಿತು.

ಅವಳು ಹೋದಮೇಲೆ ಅತ್ತೆ ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಒಳ್ಳೇ ಹುಡುಗಿ ಕಣೇ, ಕೈ ರುಚಿಯೂ ಇದೆ. ಮಂಗಳೂರಿನ ಕಡೆಯವಳೇನು? ಅವಳ ಕನ್ನಡ ನನಗೆ ಒಂದಕ್ಷರ ತಿಳೀಲಿಲ್ಲ."